ಹೊಂಡದ ನೀರಿನ ಪರೀಕ್ಷೆ

ವೈನ್ ತೊಟ್ಟಿಗಳನ್ನು ತೊಳೆದ ನೀರು ಹೋಗಿ ನಿಲ್ಲುವ ಹೊಂಡದಲ್ಲಿ ಎರಡು ಗುಟುಕು ಕುಡಿದ ಕೋಳಿ, ಓಲಾಡುತ್ತ ಬಂದು ವೈನ್ ಮಾಡುವ ರೊಸೆಂದೋನ ಕಾಲ ಬಳಿ ಅಡ್ಡಬಿತ್ತು. ಮೆಂದೋಸಾ ಸೀಮೆಯಲ್ಲಿ ದ್ರಾಕ್ಷಿ ಸುಗ್ಗಿ; ಅಂಗಳದ ತುಂಬ ಹಣ್ಣಿನ ರಾಶಿ. ಹನ್ನೊಂದು ಗಂಟೆಗೆ ನೀರಿನ ಇಲಾಖೆಯ ಇನ್‌ಸ್ಪೆಕ್ಟರಮ್ಮ ಬರುವವಳಿದ್ದಳು. ಹೊಂಡದ ನೀರು ನೆಲದ ನೀರನ್ನು ಕೆಡಿಸುವಂತಿದ್ದರೆ ವೈನ್ ಮನೆಯ ಬಾಗಿಲಿಗೆ ಮೊಹರು ಬೀಳುವುದು, ರಾಶಿಯೆಲ್ಲ ಕೊಳೆಯುವುದು.

ಪಕ್ಕದ ಮನೆಯ ಬಾಸಿಲಿಯೋ ಮೂವತ್ತು ವರ್ಷ ವೈನಿನ ರುಚಿ ನೋಡಿದವನು. ಹೊಂಡದ ನೀರನ್ನು ಲೋಟದಲ್ಲಿ ತಿರುಗಿಸಿ, ಮೂಸಿ, ಬಾಯಿ ಮುಕ್ಕಳಿಸಿ ಉಗಿದ.

“ಹುಳಿ ಜಾಸ್ತಿ ಕಣೋ. ಸುಣ್ಣ ಸುರಿ.”

ಸುರಿದದ್ದೇ ತಡ, ಹೊಂಡ ಬುಸುಗುಟ್ಟಿ ನೊರೆಯೆದ್ದಿತು.

“ಒಲೆ ಮೇಲೆ ಹಾಲಿಟ್ಟು ಮರೆತ ಹಾಗಿದೆಯಲ್ರೋ!” ಎಂದು ರೊಸೆಂದೋನ ಹೆಂಡತಿ ನೇಲಿದಾ ಹಣೆ ಚಚ್ಚಿಕೊಂಡಳು.

ಗೇಟಿನಲ್ಲಿ ಜೀಪು ನಿಂತಿತು. ರೊಸೆಂದೋ ದ್ರಾಕ್ಷಿ ತೋಟ ಕಾಯುವ ದೇವಮಾತೆ ಕರೋದಿಯಾ ತಾಯಿಯನ್ನು ನೆನೆದು ಶಿಲುಬೆಯ ಗುರುತು ಹಾಕಿಕೊಂಡ. ಮನೆಯ ಬಾವಿಯ ನೀರನ್ನು ಶೀಶೆಗೆ ತುಂಬಿಕೊಂಡು ಓಡಿದ.

“ಹೊಂಡದ್ದೇ ಅಮ್ಮಾವ್ರೇ, ಆಗ್ಲೇ ತೆಗೆದಿಟ್ಟೆ. ಅಲ್ಲೆಲ್ಲ ಜಾರ್ತದೆ, ನೀವ್ಯಾಕೆ ಬರ್ತೀರಿ?”

ಆಕೆ ತನ್ನ ಹೊಸ ಬೂಟು ನೋಡಿಕೊಂಡು ಒಪ್ಪಿದಳು. ಜಗಲಿಯಲ್ಲಿ ಕೂತು, ನೇಲಿದಾ ಕೊಟ್ಟ ಎಲೆಯ ಕಷಾಯವನ್ನು ಅಲ್ಲಿನ ವಾಡಿಕೆಯಂತೆ ಸೋರೆಬುರುಡೆಯಿಂದ ಹೀರುತ್ತ, ಉಪ್ಪು ಅಳೆಯುವ ಕಡ್ಡಿಯನ್ನು ಶೀಶೆಗೆ ಇಳಿಸಿದಳು. ಅಂಕಿ ಏರಿತು. ಇನ್ನೂ ಏರಿತು.

“ಪಾಸು,” ಎಂದು ಪರವಾನಗಿಗೆ ಸಹಿ ಹಾಕಿದಳು. “ತೊಳೆದ ನೀರಂದ್ಮೇಲೆ ಇಷ್ಟು ಉಪ್ಪು ಇದ್ದೇ ಇರ್ತದೆ. ಮರಗಳಿಗೆ ಬಿಡಿ. ಆದ್ರೆ ಸುತ್ತ ಬೇಲಿ ಹಾಕ್ಸಿ. ದನ ಕುಡಿದ್ರೆ ಕಾಯಿಲೆ ಬೀಳ್ತವೆ.”

“ಗೆದ್ದೆ ಬಿಡೋ!” ಬಾಸಿಲಿಯೋ ಚಪ್ಪಾಳೆ ತಟ್ಟಿದ.

ರೊಸೆಂದೋ ಬಾವಿಯ ಕಡೆ ತಿರುಗಿ ನೋಡಿದ. ರುಚಿಗಾರ ಬಾಸಿಲಿಯೋನನ್ನೂ ಸೇರಿಸಿ ಎಂಟು ಮನೆಯವರು ಆ ಬಾವಿಯ ನೀರನ್ನೇ ಕುಡಿಯುತ್ತಿದ್ದರು. ಬಾಯಿ ಮುಚ್ಚಿಕೊಂಡರೆ ಹಣ್ಣು ಉಳಿಯುತ್ತಿತ್ತು. ಪರವಾನಗಿಯ ಮೇಲೆ ಆಕೆಯ ಸಹಿ ಇನ್ನೂ ಒಣಗಿರಲಿಲ್ಲ. ದೇವರು ಮೇಲಿನಿಂದ ನೋಡುತ್ತಿದ್ದಾನೆನ್ನಿಸಿ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

“ಅಮ್ಮಾವ್ರೇ... ಅದು ಹೊಂಡದ್ದಲ್ಲ. ನಾವ್ ಕುಡಿಯೋ ಬಾವೀದು.”

ಆಕೆ ಪರವಾನಗಿಯನ್ನು ಹರಿದಳು. ಚೀಲದಿಂದ ಮೊಹರು ತೆಗೆದಳು.

“ಬಾಗಿಲಿಗೊಂದು, ಬಾವಿಗೊಂದು,” ಎಂದವಳು ಏನೋ ಹೊಳೆದಂತೆ ತಡೆದು, ಮೂರನೆಯ ಸಲ ತುಂಬಿ ಬಂದಿದ್ದ ಬುರುಡೆಯನ್ನು ತುಟಿಯಿಂದ ಮೆಲ್ಲನೆ ಇಳಿಸಿದಳು.

“ನೇಲಿದಮ್ಮಾ, ಈ ಕಷಾಯಕ್ಕೆ ನೀರು ಎಲ್ಲಿಂದ ತಂದ್ರಿ?”