ಅಲ್ಲಾಡಬೇಡಿಯ ಆಟೋಫೋಕಸ್

ಇಷ್ಟಕ್ಕೆಲ್ಲ ಕಾರಣ ಮೊಣಕೈ ಮೇಲಿನ ಒಂದು ಕಲೆ. ಕಲೆ ಅಂಗಿಯ ಗುಂಡಿಯಷ್ಟೇ ಇತ್ತು. ಅದರ ಬಗ್ಗೆ ಹೇಳಿದ ಸುಳ್ಳು ಮಾತ್ರ ಭಾರೀ ದೊಡ್ಡದು.

ಸುಳ್ಳು ಹೇಳಿದವನು ಲೈಸೆನ್ಸ್ ಆಫೀಸಿನಲ್ಲಿ ಫೋಟೋ ತೆಗೆಯುವ ಕೆಲಸದವನು. ಕುರ್ಚಿಯಲ್ಲಿ ಕೂತವರಿಗೆಲ್ಲ ಬೆಳಗಿನಿಂದ ಸಂಜೆಯವರೆಗೆ "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎಂದು ಹೇಳಿ ಹೇಳಿ ಅವನ ಹೆಸರೇ ಅಲ್ಲಾಡಬೇಡಿ ಎಂದಾಗಿಬಿಟ್ಟಿತ್ತು. ಒಂಬತ್ತು ವರ್ಷದ ಹಿಂದೆ ಮದುವೆಯ ಮಾತುಕತೆಗೆ ಹೋದಾಗ ಮಾವನಾಗಲಿದ್ದವರು ಆ ಕಲೆ ನೋಡಿ ಏನದು ಎಂದು ಕೇಳಿದ್ದರು. ಅವರು ನಾಯಿ ಸಾಕುವವರ ಸಂಘದ ಅಧ್ಯಕ್ಷರು. ನಾಯಿಗೆ ಹೆದರುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಸಾರಿಕೊಂಡು ಬಂದವರು. ಅಲ್ಲಾಡಬೇಡಿ ಹುಡುಗಿಯ ಮುಖ ನೋಡಿದ, ಅವಳಪ್ಪನ ಮೀಸೆ ನೋಡಿದ, "ಒಂದು ಹುಚ್ಚುನಾಯಿ ಮಗು ಮೇಲೆ ಬಿದ್ದಿತ್ತು. ನಾನೇ ಅಡ್ಡ ಹೋಗಿ ಹಿಡ್ಕೊಂಡೆ" ಎಂದುಬಿಟ್ಟ. ನಿಜ ಹೇಳಬೇಕೆಂದರೆ, ಬಾಲ ಆಡಿಸುತ್ತ ಬಂದ ನಾಯಿಮರಿಯೊಂದನ್ನು ಕಂಡು ಓಟ ಕಿತ್ತು ಚರಂಡಿಗೆ ಬಿದ್ದಾಗ ಆದ ಗಾಯ ಅದು.

ಭಾನುವಾರ ಬೆಳಗ್ಗೆ ಮಾವನ ಫೋನು ಬಂತು.

"ಅಳಿಯಂದ್ರೇ, ಇವತ್ತು ಸಂಘದ ನಾಯಿ ಓಟ. ನಮ್ಮ ಫೋಟೋಗ್ರಾಫರ್ ಬರೋ ಹಾಗಿಲ್ಲ, ನೀವು ಬಂದ್ಬಿಡಿ."

"ಅವ್ರಿಗೇನಾಯ್ತು ಮಾವ?"

"ಏನಿಲ್ಲ ಬಿಡಿ, ನಿನ್ನೆ ಒಂದು ನಾಯಿ ಸ್ವಲ್ಪ ಕಚ್ಚಿದೆ. ಎಂಟೇ ಎಂಟು ಹೊಲಿಗೆ."

ಹೊಟ್ಟೆನೋವು ಎನ್ನಲೇ, ಸೊಂಟ ಹಿಡಿದಿದೆ ಎನ್ನಲೇ ಎಂದು ಅಲ್ಲಾಡಬೇಡಿ ಯೋಚಿಸುವಷ್ಟರಲ್ಲಿ ಹೆಂಡತಿ ಸೀರೆ ಬದಲಿಸಿಕೊಂಡು ಬಂದೇಬಿಟ್ಟಳು.

"ಊರಲ್ಲಿ ಫೋಟೋ ತೆಗೆಯೋರಿಗೇನು ಬರವೇನ್ರೀ? ಅಪ್ಪ ನಿಮ್ಮನ್ನೇ ಯಾಕೆ ಕರೆದ್ರು ಹೇಳಿ? ಧೈರ್ಯ ಇರೋರು ಬೇಕಲ್ಲ!" ಎಂದಳು. ಹೇಳುವಾಗ ಅವಳ ಕಣ್ಣು ಮಿನುಗಿತು. ಆ ಹುಚ್ಚುನಾಯಿಯ ಕತೆಯನ್ನು ಅವಳು ಬೀದಿಯವರಿಗೆಲ್ಲ ಹೇಳಿ ಮುಗಿಸಿ, ಈಗ ಪಕ್ಕದ ಬೀದಿಯವರಿಗೆ ಹೇಳುತ್ತಿದ್ದಳು. ಮಾವನ ಕೋಪವನ್ನಾದರೂ ತಡೆದುಕೊಳ್ಳಬಹುದು, ಈ ಕಣ್ಣಿನ ಮಿನುಗು ಹೋದರೆ ಬದುಕುವುದು ಹೇಗೆ ಎಂದುಕೊಂಡ. ಚಪ್ಪಲಿ ಮೆಟ್ಟಿ ಹೊರಟ.

ಮೈದಾನದ ಒಂದು ತುದಿಯಲ್ಲಿ ನಾಯಿಗಳು, ಇನ್ನೊಂದು ತುದಿಯಲ್ಲಿ ದಾರ ಸುತ್ತುವ ಚಕ್ರ. ದಾರದ ತುದಿಗೆ ತುಪ್ಪಳದ ಚಿಂದಿಯೊಂದನ್ನು ಕಟ್ಟಿದ್ದರು. ಚಕ್ರ ತಿರುಗಿದರೆ ಚಿಂದಿ ಮೊಲದ ಹಾಗೆ ಓಡುತ್ತದೆ, ನಾಯಿಗಳು ಅದರ ಹಿಂದೆ ಬೀಳುತ್ತವೆ. ಫೋಟೋದವನ ಜಾಗ ಚಕ್ರದ ಪಕ್ಕದಲ್ಲೇ.

"ಅಂದ್ರೆ ಅವೆಲ್ಲ ನನ್ ಕಡೆಗೇ ಬರ್ತವಾ?" ಎಂದು ಅವನು ಕೇಳಿದ.

"ನಿಮ್ ಕಡೆಗೇ ಸಾರ್, ನೇರ ಮುಖಕ್ಕೇ!" ಎಂದ ಗಡಿಯಾರ ರಿಪೇರಿಯವನು. ಇವನು ಅಲ್ಲಾಡಬೇಡಿಯ ಪಕ್ಕದ ಮನೆಯವನು. ಓಟದ ಸಮಯ ನೋಡಲು ಬಂದಿದ್ದ. ಗಡಿಯಾರದ ಹಲ್ಲು ನೋಡುವ ಪುಟ್ಟ ಭೂತಗನ್ನಡಿ ಭಾನುವಾರವೂ ಅವನ ಹಣೆಯಿಂದ ಇಳಿಯುತ್ತಿರಲಿಲ್ಲ. ಯಾರ ಮನೆಯ ಸಣ್ಣ ವಿಷಯವೂ ಅವನ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ.

ಎತ್ತರದ ವೇದಿಕೆಯ ಮೇಲೆ ಮಾವ ಮೈಕು ಹಿಡಿದು ನಿಂತಿದ್ದರು. "ನಾಯಿಗೆ ಹೆದರೋನು ಮನುಷ್ಯನೇ ಅಲ್ಲ!" ಎಂದು ಅವರು ಗುಡುಗಿದ್ದು ನಾಲ್ಕು ಲೌಡ್‌ಸ್ಪೀಕರುಗಳಲ್ಲೂ ಕೇಳಿಸಿತು. ಅವರ ನಾಯಿಯನ್ನು ಎಂದಿನಂತೆ ಅತ್ತೆ ಕೆಳಗೆ ಹಿಡಿದುಕೊಂಡಿದ್ದರು.

ಸಂಘದ ಕ್ಯಾಮೆರಾ ಅಲ್ಲಾಡಬೇಡಿಗೆ ಹೊಸದು. ಅಲ್ಲದೆ ಅಲ್ಲಾಡುವವರ ಫೋಟೋವನ್ನು ಅವನು ಜನ್ಮದಲ್ಲಿ ತೆಗೆದಿರಲಿಲ್ಲ. ಮೊದಲ ಓಟಕ್ಕೆ, ಆಫೀಸಿನಲ್ಲಿ ಮಾಡುವ ಹಾಗೆ, ಒಮ್ಮೆ ಫೋಕಸ್ ಹಿಡಿದು ಕಾದ. ನಾಯಿಗಳು ಅದನ್ನು ದಾಟಿ ಎಲ್ಲೋ ಹೋಗಿದ್ದವು. ಫೋಟೋದಲ್ಲಿ ಹುಲ್ಲು ಒಂದೊಂದು ಎಳೆಯೂ ಸ್ಪಷ್ಟ, ನಾಯಿಗಳು ಬರೀ ಹೊಗೆ. ಎರಡನೆಯ ಓಟಕ್ಕೆ ಆಟೋಫೋಕಸ್ ತಾನೇ ಹಿಂಬಾಲಿಸುವಂತೆ ಗುಂಡಿ ತಿರುಗಿಸಿದ. ಅದು ನಾಯಿಗಳನ್ನು ಬಿಟ್ಟು ಜನರ ನಡುವೆ ನಿಂತಿದ್ದ ಅತ್ತೆಯ ಮುಖವನ್ನು ಹಿಂಬಾಲಿಸಿತು. ಹನ್ನೆರಡು ಫೋಟೋಗಳಲ್ಲಿ ಅತ್ತೆ ಹನ್ನೆರಡು ಸಲ ಆಕಳಿಸಿದ್ದರು.

"ಸಾರ್, ಮನುಷ್ಯರ ಮುಖ ಅಂತ ಇಟ್ಟಿದ್ದೀರಿ. ಪ್ರಾಣಿ ಕಣ್ಣು ಅಂತ ಇಡಿ. ಆಮೇಲೆ ನೋಡಿ, ಕಣ್ಣನ್ನ ಕಚ್ಕೊಂಡುಬಿಡುತ್ತೆ!" ಎಂದು ಗಡಿಯಾರದವನು ಮೂಗು ತೂರಿಸಿದ.

"ಕಚ್ಚೋ ಮಾತು ಈಗ ಬೇಡಪ್ಪ" ಎಂದ ಅಲ್ಲಾಡಬೇಡಿ.

ಹಾಗೆ ಇಟ್ಟ ಮೇಲೆ ಶುರುವಾಯಿತು ನಿಜವಾದ ನರಕ. ಮೂರನೆಯ ಓಟದಲ್ಲಿ ಕ್ಯಾಮೆರಾದ ಪರದೆಯೊಳಗೆ ಒಂದು ಹಸಿರು ಚೌಕ ದೂರದ ನಾಯಿಯೊಂದರ ಕಣ್ಣಿನ ಮೇಲೆ ಕೂತಿತು. ನಾಯಿ ಎಗರಿದರೆ ಚೌಕವೂ ಎಗರಿತು, ವಾಲಿದರೆ ಅದೂ ವಾಲಿತು. ಕಣ್ಣು ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು. ತೆರೆದ ಬಾಯಿ, ಗಾಳಿಗೆ ಹಿಂದೆ ಸರಿದ ತುಟಿ, ಸಾಲು ಹಲ್ಲು. ಆ ನಾಯಿಗೆ ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲ, ತನ್ನನ್ನೇ ಹುಡುಕಿಕೊಂಡು ಬರುತ್ತಿದೆ ಎನಿಸಿ ಅವನ ಜೀವ ಬಾಯಿಗೆ ಬಂತು. ಗುಂಡಿ ಒತ್ತುವುದನ್ನೇ ಮರೆತ.

"ಕೊನೆ ಓಟ! ಅಳಿಯಂದ್ರೇ, ಇದನ್ನ ಬಿಡ್ಬೇಡಿ!" ಎಂದು ಮೈಕು ಕೂಗಿತು.

ಅವನು ಕ್ಯಾಮೆರಾದ ಚೀಲ ತಡಕಿದಾಗ ದೂರದಿಂದಲೇ ಫೋಟೋ ತೆಗೆಯುವ ರಿಮೋಟ್ ಸಿಕ್ಕಿತು. ದೇವರೇ ಕೈಗಿಟ್ಟಂತಾಯಿತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, "ನಾನು ಹತ್ರ ಇದ್ರೆ ನಾಯಿಗಳ ಗಮನ ಕೆಡುತ್ತೆ" ಎಂದು ಗಂಭೀರವಾಗಿ ಹೇಳಿ, ಹಿಂದಿದ್ದ ನೀರಿನ ಟ್ಯಾಂಕಿನವರೆಗೂ ಸರಿದ. ವೇದಿಕೆಗೆ ತಾಗಿದಂತೆಯೇ ಇತ್ತು ಆ ಟ್ಯಾಂಕು.

"ನೋಡಿದ್ರಾ, ನಾಯಿ ಮನಸ್ಸು ಇವ್ರಿಗೆ ಗೊತ್ತು" ಎಂದು ಹೆಂಡತಿ ಪಕ್ಕದವರಿಗೆ ಹೇಳಿದಳು.

ಓಟ ಶುರುವಾಯಿತು. ಅರ್ಧ ಮೈದಾನ ದಾಟಿದ ಮೇಲೆ ದಾರ ಫಟ್ಟೆಂದು ಕಡಿಯಿತು. ಚಿಂದಿ ಗಾಳಿಯಲ್ಲಿ ಹಾರಿ ಬಂದು ಕ್ಯಾಮೆರಾದ ಸ್ಟ್ಯಾಂಡಿಗೆ ಸುತ್ತಿಕೊಂಡಿತು. ಐದು ನಾಯಿಗಳೂ ಗೆಲುವಿನ ಗೆರೆ ದಾಟಿ, ಚಕ್ರ ದಾಟಿ, ಒಟ್ಟಿಗೆ ಆ ಕಡೆಗೇ ನುಗ್ಗಿದವು.

ಅಲ್ಲಾಡಬೇಡಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದ. ಎಂಟು ಮೆಟ್ಟಿಲಿಗೇ ತಲೆಗೆ ಏನೋ ಠಪ್ಪೆಂದು ಬಡಿಯಿತು. ಟ್ಯಾಂಕಿನ ತಳವಿರಬೇಕು ಎಂದುಕೊಂಡು ಅಲ್ಲೇ ಏಣಿಯನ್ನು ತಬ್ಬಿಕೊಂಡ. ಹೆದರಿಕೆಗೆ ಮುಷ್ಟಿ ಬಿಗಿದಿತ್ತು, ಮುಷ್ಟಿಯೊಳಗೆ ರಿಮೋಟ್ ಇತ್ತು. ಕೆಳಗೆ ಕ್ಯಾಮೆರಾ ಪಟಪಟನೆ ಫೋಟೋ ತೆಗೆಯುತ್ತಲೇ ಹೋಯಿತು. "ಹಿಡೀರಿ, ಹಿಡೀರಿ" ಎನ್ನುತ್ತಿದ್ದ ಲೌಡ್‌ಸ್ಪೀಕರ್ ಯಾವಾಗಲೋ ಸುಮ್ಮನಾಗಿ, ಅದರಿಂದ ಏದುಸಿರೊಂದೇ ಕೇಳಿಸುತ್ತಿತ್ತು. ಯಾವುದೋ ನಾಯಿ ಮೈಕಿನ ಹತ್ತಿರ ಹೋಗಿದೆ ಎಂದು ಜನ ತಿಳಿದುಕೊಂಡರು.

ಎಲ್ಲರ ಗಮನ ನಾಯಿಗಳನ್ನು ಹಿಡಿಯುವುದರಲ್ಲಿತ್ತು. ಗದ್ದಲ ಅಡಗುವ ಹೊತ್ತಿಗೆ ಅಲ್ಲಾಡಬೇಡಿ ಕಣ್ಣು ಮುಚ್ಚಿಕೊಂಡೇ ಇಳಿದು ಕ್ಯಾಮೆರಾದ ಹಿಂದೆ ನಿಂತಿದ್ದ. ಸ್ವಲ್ಪ ಹೊತ್ತಿಗೆ ಮಾವನೂ ಬಂದು ತುಕ್ಕು ಮೆತ್ತಿದ ಕೈಯಿಂದಲೇ ಅವನ ಬೆನ್ನು ತಟ್ಟಿದರು. ಆಗಲೂ ಅವನಿಗೇನೂ ಹೊಳೆಯಲಿಲ್ಲ. ಬದುಕಿದೆಯಾ ಬಡಜೀವವೇ ಎಂದುಕೊಳ್ಳುವುದರಲ್ಲೇ ಇದ್ದ.

ಫೋಟೋಗಳನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಹೆಂಡತಿಯೇ ಒಂದನ್ನು ಆರಿಸಿ ಸ್ಟುಡಿಯೋಗೆ ಕೊಟ್ಟಳು. ಸಂಜೆ ಸಂಘದ ಹಾಲಿನಲ್ಲಿ ಬಾಗಿಲಷ್ಟು ದೊಡ್ಡ ಫೋಟೋ ನಿಂತಿತು. ಗೆದ್ದ ನಾಯಿ ನೇರ ಎದುರಿಗೆ ಹಾರುತ್ತಿದೆ, ನಾಲ್ಕು ಕಾಲೂ ನೆಲದ ಮೇಲಿಲ್ಲ, ಮುಖ ಎರಡು ಮಾರಿನಷ್ಟು ಹತ್ತಿರ, ರೆಪ್ಪೆಯ ಕೂದಲನ್ನೂ ಎಣಿಸಬಹುದು.

"ಇಷ್ಟು ಹತ್ರ ನಿಂತು ತೆಗೆಯೋಕೆ ಗುಂಡಿಗೆ ಬೇಕು! ನಮ್ಮ ಅಳಿಯ!" ಎಂದರು ಮಾವ. ಚಪ್ಪಾಳೆ ಬಿತ್ತು. ಹೆಂಡತಿಯ ಕಣ್ಣು ಬೆಳಗ್ಗೆಗಿಂತ ಹೆಚ್ಚು ಮಿನುಗುತ್ತಿತ್ತು. ಅಲ್ಲಾಡಬೇಡಿಗೆ ಅಂದು ಮೊದಲ ಸಲ ಸರಾಗವಾಗಿ ಉಸಿರಾಡಿದಂತಾಯಿತು.

ಗಡಿಯಾರದವನು ಭೂತಗನ್ನಡಿಯನ್ನು ಹಣೆಯಿಂದ ಕಣ್ಣಿಗಿಳಿಸಿ ಫೋಟೋದ ಹತ್ತಿರ ಹೋದ.

"ಭಲೇ ಆಟೋಫೋಕಸ್! ನಾಯಿ ಕಣ್ಣೊಳಗೆ ಎದುರಿಗಿರೋದೆಲ್ಲ ಕಾಣ್ತಿದೆ. ಇದು ಕ್ಯಾಮೆರಾ. ಇದು ಟ್ಯಾಂಕು. ಏಣಿ ಮೇಲೆ ಯಾರೋ ಇದಾರೆ... ಸಾರ್, ನಿಮ್ಮ ಚೌಕಳಿ ಅಂಗಿ!"

ಹೆಂಡತಿ ಭೂತಗನ್ನಡಿ ಇಸಿದುಕೊಂಡು ನೋಡಿದಳು. ತಿರುಗಿ ಗಂಡನನ್ನು ನೋಡಿದಳು. ಅವನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು.

"ರೀ, ಹಾಗಾದ್ರೆ ಆ ಹುಚ್ಚುನಾಯಿ?"

"ಮರಿ" ಎಂದ ಅವನು ಸಣ್ಣ ದನಿಯಲ್ಲಿ. "ಹುಚ್ಚೂ ಇರ್ಲಿಲ್ಲ."

"ನನ್ ಮಗಳಿಗೆ ಮೋಸ!" ಎಂದು ಮಾವ ಮೀಸೆ ಕುಣಿಸುತ್ತ ಎದ್ದು ನಿಂತರು. "ನಾಯಿಗೆ ಹೆದರೋನು ನನ್ನ ಅಳಿಯನೇ ಅಲ್ಲ!"

"ಒಂದ್ನಿಮಿಷ" ಎಂದಳು ಭೂತಗನ್ನಡಿಯನ್ನು ಮತ್ತೆ ಫೋಟೋಗೆ ಹಿಡಿದ ಮಗಳು. "ಇವ್ರ ತಲೆ ಮೇಲೆ ಎರಡು ಬೂಟು ಕಾಣ್ತಿದೆ. ಇವ್ರಿಗಿಂತ ಮೇಲೆ ಇನ್ನೊಬ್ರಿದಾರೆ. ಕೈಯಲ್ಲಿ ಮೈಕಿದೆ... ಅಪ್ಪಾ?"

ಮಾವನ ಮೀಸೆ ಕುಣಿಯುವುದನ್ನು ನಿಲ್ಲಿಸಿತು. "ಅದು... ಅಳಿಯಂದ್ರನ್ನ ಇಳಿಸೋಕೆ ಹತ್ತಿದ್ದೆ."

"ಅವರಿಗಿಂತ ಮೊದ್ಲೇ?" ಎಂದರು ಅತ್ತೆ. "ಮದ್ವೆಯಾದಾಗಿಂದ ನಾಯಿಗೆ ಊಟ ಹಾಕಿದ್ದು ನಾನು, ಸ್ನಾನ ಮಾಡ್ಸಿದ್ದು ನಾನು. ನೀವು ಕಿಟಕಿ ಒಳಗಿಂದ ಕರೆದಿದ್ದು ಬಿಟ್ರೆ ಒಂದಿನ ಮುಟ್ಟಿದ್ದುಂಟಾ?"

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಾಲು ನಕ್ಕಿತು. ಹೆಂಡತಿಯೂ ನಕ್ಕದ್ದನ್ನು ಕಂಡು ಅಲ್ಲಾಡಬೇಡಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಸುಳ್ಳೂ ಹೋಯಿತು, ಇನ್ನು ಯಾರೂ ನಾಯಿಯ ಹತ್ತಿರ ಕರೆಯುವುದಿಲ್ಲ ಎಂದು ಮನಸ್ಸು ಹಗುರಾಯಿತು.

ಆ ಹಗುರ ಒಂದು ನಿಮಿಷವೂ ಉಳಿಯಲಿಲ್ಲ. ಅತ್ತೆ ಗೆದ್ದ ನಾಯಿಯನ್ನು ಎಳೆದುಕೊಂಡು ಬಂದು, ಅದರ ಸರಪಳಿಯ ಒಂದು ಸುತ್ತನ್ನು ಗಂಡನ ಕೈಗೂ ಇನ್ನೊಂದನ್ನು ಅಳಿಯನ ಕೈಗೂ ಹಾಕಿದರು. "ಈ ಹೆದರಿಕೆಗೆ ಇದೊಂದೇ ಮದ್ದು. ನಾಳೆಯಿಂದ ದಿನಾ ಬೆಳಗ್ಗೆ ಸಂಘದ ಅಷ್ಟೂ ನಾಯಿಗಳನ್ನ ನೀವಿಬ್ರೇ ವಾಕಿಂಗ್ ಕರ್ಕೊಂಡು ಹೋಗಿ."

ನಾಯಿ ಮೊದಲು ಮಾವನ ಬೂಟನ್ನು ಮೂಸಿತು, ಆಮೇಲೆ ಅಳಿಯನ ಹಿಮ್ಮಡಿಯನ್ನು.

"ಅಳಿಯಂದ್ರೇ," ಮಾವ ತುಟಿ ಅಲುಗಿಸದೆ ಪಿಸುಗುಟ್ಟಿದರು, "ಆ ಏಣಿ ಕಳಚಿ ಜೊತೆಗೆ ತಗೊಂಡು ಹೋಗೋಕಾಗುತ್ತಾ?"

"ಅಲ್ಲಾಡಬೇಡಿ ಮಾವ," ಎಂದ ಅಳಿಯ, "ದಯವಿಟ್ಟು ಅಲ್ಲಾಡಬೇಡಿ."

ಹೆಂಡತಿ ಕ್ಯಾಮೆರಾ ಎತ್ತಿ, ಇಬ್ಬರನ್ನೂ ಚೌಕದೊಳಗೆ ತಂದು, ಗುಂಡಿ ಒತ್ತಿದಳು.