ಒಕ್ಕಣ್ಣ ಸೇನಾಪತಿ ಏನಾದ?

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಕೊಂಬಣ್ಣನ ಕೆಂಪು ಕಣ್ಣು.

ಕೊಂಬಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಪುಸ್ತಕ ಪ್ರಕಾಶನವೊಂದರಲ್ಲಿ ಕರಡು ತಿದ್ದುವುದು ಅವನ ಕೆಲಸ. ಹತ್ತೊಂಬತ್ತು ವರ್ಷದಿಂದ ಅಕ್ಷರಗಳಿಗೆ ಬಿಟ್ಟುಹೋದ ಕೊಂಬುಗಳನ್ನು ಹಾಕಿ ಹಾಕಿ, ಈಗ ಅಂಗಡಿಯ ಬೋರ್ಡು ಕಂಡರೂ ಔಷಧಿಯ ಚೀಟಿ ಕಂಡರೂ ಅವನ ಬೆರಳು ಪೆನ್ನಿಗಾಗಿ ಜೇಬು ತಡಕುತ್ತಿತ್ತು. ಬೀದಿಯವರು ಅದನ್ನು ನೋಡಿಯೇ ಆ ಹೆಸರಿಟ್ಟಿದ್ದರು.

ಅಂದು ಬೆಳಗ್ಗೆ ಮಾಲೀಕರು ಅವನನ್ನು ಒಳಗೆ ಕರೆದು, ಬಾಗಿಲು ಹಾಕಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆಮೇಲೆ ಕೈಗೆ ಕೊಟ್ಟದ್ದು ಮಹಾಯುದ್ಧದ ಕತೆಯ ಏಳನೆಯ ಸಂಪುಟದ ಕೊನೆಯ ಅಧ್ಯಾಯ. ಹನ್ನೊಂದು ವರ್ಷಗಳಿಂದ ಒಬ್ಬ ಲೇಖಕರು ಬರೆಯುತ್ತಲೇ ಇದ್ದ ಕತೆ ಅದು. ಮೂರು ರಾಜ್ಯಗಳು, ಮಾತಾಡುವ ಹದ್ದುಗಳು, ಸತ್ತ ಮೇಲೂ ಜಗಳ ಬಿಡದ ಮಂಜಿನ ಪಡೆ, ಇವುಗಳ ನಡುವೆ ಎಲ್ಲರ ಕಣ್ಮಣಿಯಾದ ಒಕ್ಕಣ್ಣ ಸೇನಾಪತಿ. ಪುಸ್ತಕ ಹೊರಬರುವುದಕ್ಕೆ ಇನ್ನು ಹನ್ನೆರಡು ದಿನವಿತ್ತು. ಊರಿಗೆ ಊರೇ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅವನು ಉಳಿಯುತ್ತಾನೋ, ಇಲ್ಲವೋ?

"ಒಂದು ಅಕ್ಷರ ಹೊರಗೆ ಹೋಯ್ತೋ, ನೀವೂ ಅದರ ಹಿಂದೆಯೇ ಹೊರಗೆ," ಎಂದಿದ್ದರು ಮಾಲೀಕರು.

ಸೇನಾಪತಿ ಉಳಿದಿರಲಿಲ್ಲ. ಯುದ್ಧ ಗೆದ್ದು ಒಬ್ಬನೇ ಮರಳಿ ಬರುವಾಗ ಅವನದೇ ಪಡೆಯ ಕಾವಲುಗಾರ ಮಂಜಿನಲ್ಲಿ ಗುರುತು ಸಿಗದೆ ಬಾಣ ಬಿಟ್ಟಿದ್ದ. ಸೇನಾಪತಿ, ತಾನು ಹುಟ್ಟಿದ ಹೊಳೆಯ ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಕೆಸರಿನಲ್ಲಿ ಬಿದ್ದು, ಯಾರನ್ನೂ ಕರೆಯದೆ ಸತ್ತಿದ್ದ. ಕೊಂಬಣ್ಣ ಆ ಪುಟದಲ್ಲಿ ಒಂಬತ್ತು ತಪ್ಪು ತಿದ್ದಿದ. ಹತ್ತನೆಯದು ಕಣ್ಣೀರಿನಲ್ಲಿ ಕಾಣಿಸಲೇ ಇಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟಾಗ ಅವನ ಮುಖ ನೆನೆದ ರದ್ದಿಕಾಗದದಂತಿತ್ತು. ಮನೆಯೆದುರಿನ ದರ್ಜಿ ಕಿಟಕಿಯಿಂದಲೇ ನೋಡಿ ಕತ್ತರಿ ಕೆಳಗಿಟ್ಟ.

"ಅಯ್ಯೋ ಕೊಂಬಣ್ಣ! ಕಣ್ಣೇನ್ರೀ ಹಿಂಗೆ? ಮಾವನೋರು...?"

ಮಾವನವರು ನಾಲ್ಕು ತಿಂಗಳಿಂದ ಮಗಳ ಮನೆಯಲ್ಲೇ ಹಾಸಿಗೆ ಹಿಡಿದಿದ್ದರು. ಆದ್ದರಿಂದ ದರ್ಜಿ ಉತ್ತರಕ್ಕೆ ಕಾಯಲಿಲ್ಲ. "ಹೋಗ್ಬಿಟ್ರಂತೆ!" ಎಂದು ಪಕ್ಕದ ಕ್ಷೌರದಂಗಡಿಗೆ ಕೂಗಿದ. ಕ್ಷೌರಿಕ ಕತ್ತಿ ಹಿಡಿದೇ ಓಡಿಬಂದ. ಅವನ ಹಿಂದೆ ಅರ್ಧ ಗಡ್ಡ ಹೋಗಿ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಗಿರಾಕಿಯೂ ಬಂದ. ಮೇಲಿನ ಮಹಡಿಯಿಂದ ಮನೆಯೊಡತಿ ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡೇ ಇಳಿದಳು.

"ಎಂಥಾ ದೊಡ್ಡ ಮನುಷ್ಯ," ಎಂದಳು. "ಬಾಡಿಗೆ ಮನೆ ಅಂತ ಒಂದ್ ದಿನ ಗೋಡೆಗೆ ಮೊಳೆ ಹೊಡೀಲಿಲ್ಲ."

"ಮಾವನೋರಿಗೆ ಏನೂ ಆಗಿಲ್ಲ!" ಎಂದು ಕೊಂಬಣ್ಣ ಕಿರುಚಿದ. "ಸತ್ತಿದ್ದು ಪುಸ್ತಕದಲ್ಲಿ!"

ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು. ನೊರೆಯೊಳಗಿನಿಂದ ಗಿರಾಕಿ ಮೆಲ್ಲಗೆ ಕೇಳಿದ: "ಯಾರು ಸತ್ತಿದ್ದು?"

ಮಾವನವರು ನಿಜವಾಗಿ ಹೋಗಿದ್ದರೂ ಅಷ್ಟು ಜನ ಸೇರುತ್ತಿರಲಿಲ್ಲ. ದರ್ಜಿ ಅವನ ತೋಳು ಹಿಡಿದ. ಕತೆಯಲ್ಲಿನ ಹದ್ದು ಸಾಕುವವಳಿಗೆ ಏನೂ ಆಗಿಲ್ಲ ತಾನೆ ಎಂದು ಮನೆಯೊಡತಿ ಗಲ್ಲ ಹಿಡಿದು ಬೇಡಿದಳು. ಕೊಂಬಣ್ಣ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದ. ಎಡಕ್ಕೆ ಅಲ್ಲಾಡಿಸಿದರೆ ಒಬ್ಬ ಸತ್ತ ಎಂದೂ ಬಲಕ್ಕೆ ಅಲ್ಲಾಡಿಸಿದರೆ ಇನ್ನೊಬ್ಬ ಸತ್ತ ಎಂದೂ ಜನ ಅರ್ಥ ಮಾಡಿಕೊಳ್ಳತೊಡಗಿದಾಗ ಅದನ್ನೂ ನಿಲ್ಲಿಸಿದ.

"ಏನಪ್ಪಾ, ಕೊಂಬು ಹಾಕಿ ಹಾಕಿ ನಿನಗೂ ಕೊಂಬು ಬಂತಾ?" ಎಂದ ಕ್ಷೌರಿಕ.

ಕೊಂಬಣ್ಣ ಅವರ ಕೈಗಳ ಕೆಳಗೆ ನುಸುಳಿ ಮನೆ ಸೇರಿ ಅಗುಳಿ ಹಾಕಿದ.

ಒಳಗೆ ಮಾವನವರು ದಿಂಬಿಗೊರಗಿ ಕೂತಿದ್ದರು. ಮೂವತ್ತು ವರ್ಷ ಹೊಳೆಯಲ್ಲಿ ದೋಣಿ ನಡೆಸಿ, ಸೇತುವೆ ಬಂದ ಮೇಲೆ ದಡ ಹತ್ತಿದ ಮನುಷ್ಯ. ಅಂಗೈ ಇನ್ನೂ ಹುಟ್ಟು ಹಿಡಿದಂತೆಯೇ ಮಡಚಿಕೊಂಡಿರುತ್ತಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕತೆಯ ಆರೂ ಸಂಪುಟಗಳು. ಸೇನಾಪತಿ ಅಂಬಿಗನ ಮಗ ಎಂದು ಮೊದಲ ಸಂಪುಟದಲ್ಲಿ ಓದಿದ ದಿನದಿಂದ ಅವನು ಅವರಿಗೆ ಸ್ವಂತ ತಮ್ಮನಾಗಿದ್ದ.

"ಅಳಿಯಂದಿರೇ, ಹೊರಗಿನ ಗಲಾಟೆ ಕೇಳಿಸ್ತು," ಎಂದರು. "ಕೊನೆ ಓದಿದ್ರಂತೆ."

"ಹೇಳೋ ಹಾಗಿಲ್ಲ ಮಾವ. ಸಹಿ ಹಾಕಿದೀನಿ."

"ಪುಸ್ತಕ ಬರೋಕೆ ಹನ್ನೆರಡು ದಿನ ಅಂತೀರಿ. ಮೊನ್ನೆ ಡಾಕ್ಟರು ನನ್ ಮಗಳ ಹತ್ರ ಪಿಸುಗುಟ್ಟಿದ್ದು ನಂಗೂ ಕೇಳಿಸ್ತು. ಅವರು ಎಂಟು ದಿನಕ್ಕೂ ಮಾತು ಕೊಡಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಗಂಡನ ಮುಖ ನೋಡಿದಳು.

ಕೊಂಬಣ್ಣ ಮಂಚದ ಅಂಚಿಗೆ ಕೂತ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಕೆಸರು, ಆ ಬಾಣ, ಆ ಒಂಟಿತನ, ಇವನ್ನೆಲ್ಲ ಈ ಮನುಷ್ಯನ ಕಿವಿಗೆ ಹಾಕುವುದು ಹೇಗೆ? ಆಗ ಅವನಿಗೊಂದು ಉಪಾಯ ಹೊಳೆಯಿತು. ಸುಳ್ಳು ಹೇಳಿದರೆ ಗುಟ್ಟು ಬಿಟ್ಟುಕೊಟ್ಟಂತೆಯೂ ಆಗುವುದಿಲ್ಲ, ಮುದುಕನಿಗೆ ನೆಮ್ಮದಿಯೂ ಸಿಗುತ್ತದೆ.

"ಬದುಕ್ತಾನೆ ಮಾವ," ಎಂದ.

ಮುದುಕನ ಕಣ್ಣು ಅರಳಿತು. "ಬದುಕಿ?"

"ಬದುಕಿ... ಕತ್ತೀನ ಹೊಳೆಗೆ ಎಸೀತಾನೆ. ಊರಿಗೆ ಹೋಗಿ ಅಪ್ಪನ ಹಳೇ ದೋಣಿ ರಿಪೇರಿ ಮಾಡಿ ಜನರನ್ನ ದಾಟಿಸ್ತಾನೆ. ಮೊದಲು ಹತ್ತೋಳು, ಅವನ ಕೈಲಿ ಸತ್ತ ಶತ್ರು ಸೈನಿಕನ ಹೆಂಡತಿ. ಅವನು ಯಾರು ಅಂತ ಅವಳಿಗೆ ಗೊತ್ತಾಗಲ್ಲ."

"ಒಂದೇ ಕಣ್ಣಲ್ಲಿ ದಡದ ಅಂದಾಜು ಹೆಂಗೆ ಸಿಗುತ್ತೆ?"

"ಅದು... ನೀರಿನ ಸದ್ದು ಕೇಳಿ."

ಮಾವನವರು ಕಣ್ಣು ಮುಚ್ಚಿ ಕಿವಿಗೊಟ್ಟರು. "ಸರಿಯೇ," ಎಂದರು ಕೊನೆಗೆ. "ಮಂಜಿದ್ದಾಗ ನಾನೂ ಸದ್ದು ಕೇಳಿಯೇ ನಡೆಸ್ತಿದ್ದೆ." ಒಂದು ವಾರದಿಂದ ಅನ್ನ ಬೇಡವೆನ್ನುತ್ತಿದ್ದವರು ಎರಡು ಸಲ ಬಡಿಸಿಕೊಂಡರು. ಅಡುಗೆಮನೆಯಲ್ಲಿ ಹೆಂಡತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಈ ಸಂಭ್ರಮದಲ್ಲಿ ಕೊಂಬಣ್ಣ ಒಂದನ್ನು ಗಮನಿಸಲಿಲ್ಲ. ಎದುರಿನ ಕಿಟಕಿಯಲ್ಲಿ ಹೊಲಿಗೆ ಯಂತ್ರ ಬಹಳ ಹೊತ್ತಿನಿಂದ ಸದ್ದು ಮಾಡಿರಲಿಲ್ಲ.

ಊಟ ಮುಗಿಸಿ ಹೊರಟರೆ ಬೀದಿ ಹಿಗ್ಗುತ್ತಿತ್ತು. ಕ್ಷೌರಿಕ ಬಂದು ತಬ್ಬಿಕೊಂಡ. ಕೊಂಬಣ್ಣ ಕಚೇರಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. "ಸೇನಾಪತಿ ದೋಣಿ ನಡೆಸ್ತಾನಂತೆ, ಹೌದಾ ಸಾರ್?" ಎಂದು ಗೇಟಿನ ಕಾವಲುಗಾರನೇ ಕೇಳಿದ. ಕೊಂಬಣ್ಣ ಒಳಗೊಳಗೇ ನಕ್ಕ. ಹಬ್ಬಿದ್ದು ಸುಳ್ಳು, ಗುಟ್ಟು ಭದ್ರವಾಗಿದೆ. ಮಾಲೀಕರು ಕರೆಸಿದಾಗ, ಬಹುಶಃ ಬೆನ್ನು ತಟ್ಟಲಿಕ್ಕೇ ಇರಬೇಕು ಎಂದುಕೊಂಡು ಅಂಗಿ ಸರಿಮಾಡಿಕೊಂಡು ಹೋದ.

ಒಳಗೆ ಮಾಲೀಕರ ಜೊತೆ ಲೇಖಕರೂ ಇದ್ದರು. ಇಬ್ಬರ ಮುಖದಲ್ಲೂ ರಕ್ತವಿರಲಿಲ್ಲ.

"ದೋಣಿ ವಿಷಯ ಯಾರು ಹೇಳಿದ್ದು?" ಎಂದರು ಮಾಲೀಕರು.

"ನಾನೇ ಸಾರ್. ಆದ್ರೆ ಅದು ಸುಳ್ಳು. ನೀವು ಕೊಟ್ಟ ಅಧ್ಯಾಯದಲ್ಲಿ ಸೇನಾಪತಿ ಸಾಯ್ತಾನಲ್ಲ. ಅದನ್ನ ನಾನು ಯಾರಿಗೂ ಹೇಳಿಲ್ಲ."

"ನಿನಗೆ ಕೊಟ್ಟಿದ್ದೇ ಹುಸಿ ಅಧ್ಯಾಯ ಕಣಯ್ಯಾ! ಸುದ್ದಿ ಸೋರಿದ್ರೆ ಯಾರಿಂದ ಅಂತ ಗೊತ್ತಾಗ್ಲಿ ಅಂತ ಬರೆಸಿದ್ದು. ನಿಜವಾದ್ದು ಈ ಕಬ್ಬಿಣದ ಬೀರುವಿನಲ್ಲಿದೆ. ಅದರಲ್ಲಿ ಅವನು ಬದುಕ್ತಾನೆ. ದೋಣಿ ನಡೆಸ್ತಾನೆ. ಶತ್ರುವಿನ ವಿಧವೆ ದೋಣಿ ಹತ್ತುತ್ತಾಳೆ. ಬೀರು ಯಾವಾಗ ತೆಗೆದೆ, ಹೇಳು!"

"ಸಾರ್, ನನ್ನ ಮಾವ... ಅವರು ದೋಣಿ... ನಾನೇ ಊಹಿಸಿ ಹೇಳಿದ್ದು."

"ಊಹಿಸಿದ್ಯಾ? ಇವರು ಹನ್ನೊಂದು ವರ್ಷ ತಲೆ ಕೆರ್ಕೊಂಡು ಕಟ್ಟಿದ ಕೊನೆ ನಿನಗೆ ಊಟದ ಹೊತ್ತಲ್ಲಿ ಹೊಳೆದುಬಿಡ್ತಾ?"

ಕೊಂಬಣ್ಣ ಆಸೆಯಿಂದ ಲೇಖಕರ ಕಡೆ ನೋಡಿದ. ಓದುಗರ ಮನಸ್ಸು ಬಲ್ಲ ಮನುಷ್ಯ, ಅವರಾದರೂ ನಂಬಿಯಾರು. ಲೇಖಕರು ಒಂದು ಕ್ಷಣ ಯೋಚಿಸಿದರು. ಇವನು ಊಹಿಸಿದ್ದು ನಿಜವಾದರೆ ತಮ್ಮ ಮಹಾಯುದ್ಧದ ಕೊನೆ ಯಾರು ಬೇಕಾದರೂ ಊಹಿಸಬಹುದಾದ ಕೊನೆ. ಅವರ ಬೆವರು ಕಿವಿಯ ಪಕ್ಕದಿಂದ ಇಳಿಯಿತು.

"ಕದ್ದೇ ಓದಿರಬೇಕು," ಎಂದರು ಅವರು. "ಬೇರೆ ದಾರಿಯೇ ಇಲ್ಲ."

ಹತ್ತೊಂಬತ್ತು ವರ್ಷದ ಪೆನ್ನುಗಳನ್ನೂ ಕನ್ನಡಕದ ಡಬ್ಬಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಕೊಂಬಣ್ಣ ಸಂಜೆ ಮನೆಗೆ ಬಂದ. ಹೆಂಡತಿಗೆ ಪಿಸುಮಾತಿನಲ್ಲಿ ಹೇಳಿದ. ಆದರೆ ಮಂಜಿನಲ್ಲಿ ನೀರಿನ ಸದ್ದು ಕೇಳಿ ದೋಣಿ ನಡೆಸಿದ ಕಿವಿ ಅದು.

"ಕೆಲಸ ಹೋಯ್ತಾ?" ಎಂದರು ಮಾವನವರು ಒಳಗಿನಿಂದ. "ಯಾತಕ್ಕೆ?"

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ಸೇನಾಪತಿ ಬದುಕ್ತಾನೆ ಅಂತ ಹೇಳಿದ್ದಕ್ಕೆ ಮಾವ."

"ಓ." ಮಾವನವರು ಸೂರು ನೋಡಿದರು. "ಸುಳ್ಳು ಹೇಳಿದ್ದಕ್ಕೆ, ಅಲ್ವಾ?"

"ಅಲ್ಲ ಮಾವ! ಆಣೆ ಮಾಡಿ ಹೇಳ್ತೀನಿ, ಅವನು ನಿಜವಾಗ್ಲೂ ಬದುಕಿದಾನೆ! ಮಧ್ಯಾಹ್ನ ನಾನು ಹೇಳಿದ್ದು ಸುಳ್ಳೇ. ಆದ್ರೆ ಆ ಸುಳ್ಳು ನಿಜವಾಗಿತ್ತು! ನಾನು ಓದಿದ ನಿಜವೇ ಸುಳ್ಳು!"

ಎಷ್ಟು ಹೇಳಿದರೂ ಅದು ಬಿಡಿಸಿದಷ್ಟೂ ಗಂಟಾಗುವ ದಾರದಂತಿತ್ತು. ಮಾವನವರು ಕರುಣೆಯಿಂದ ಕೇಳಿದರು. ಕೊನೆಗೆ ಮಡಚಿದ ಕೈ ಚಾಚಿ ಅಳಿಯನ ಕೈಮೇಲಿಟ್ಟರು.

"ಸಾಕು ಬಿಡಿ. ನನ್ನ ಸಲುವಾಗಿ ಇಷ್ಟೆಲ್ಲ ಮಾಡಿದ್ರಿ. ಸತ್ತೋನು ಸತ್ತ. ಎಲ್ಲಿ ಬಿದ್ದ, ಅದನ್ನಷ್ಟೇ ಹೇಳಿ. ಹೊಳೆ ಹತ್ರ ಇತ್ತಾ?"

ಮುದುಕ ಅವನನ್ನೇ ನೋಡುತ್ತ ಕಾಯುತ್ತಿದ್ದ.

"ಹತ್ರಾನೇ ಮಾವ," ಎಂದ ಕೊಂಬಣ್ಣ ಕೊನೆಗೆ. "ದಡ ಕಾಣ್ತಿತ್ತು."

ಮಾವನವರು ತಲೆದೂಗಿದರು. ಆಮೇಲೆ ಮಗಳನ್ನು ಕರೆದು, ರಾತ್ರಿ ತಮಗೆ ಊಟ ಬೇಡವೆಂದರು.