ಖಾಕಿಗೆ ಮಾತ್ರ ನಿಲ್ಲುವ ಬಸ್ಸು

ಮಾನ್ಯ ಪಿ.ಎಸ್.ಐ. ಸಾಹೇಬರೇ,

ತಮಗೂ, ತಮ್ಮ ಠಾಣೆಯ ಸಮಸ್ತ ಸಿಬ್ಬಂದಿಗೂ, ಅಂಗಳದಲ್ಲಿ ಜಪ್ತಿಯಾಗಿ ನಿಂತ ಮೋಟಾರ್ ಸೈಕಲ್ಲುಗಳಿಗೂ ಚಚಡಿ ದಾರಿಯ ನಮ್ಮ ಕ್ರಾಸಿನವರ ಅನಂತ ನಮಸ್ಕಾರಗಳು. ಈ ಸಂಗತಿಯನ್ನು ಮೊದಲು ಹೇಳಿದವಳು ನಮ್ಮ ಹೈಸ್ಕೂಲಿನ ಹುಡುಗಿ ದುರ್ಗಾಳ ಅಜ್ಜಿ ಕೃಷ್ಣವ್ವ, ಮೊನ್ನೆ ಗುರುವಾರ ಸಂಜೆ, ಹಿಟ್ಟಿನ ಗಿರಣಿಯಲ್ಲಿ, ತನ್ನ ಜೋಳದ ಪಾಳಿ ಬರುವತನಕ. ನಾನು ಬರೆದುಕೊಂಡವನು ಅಷ್ಟೇ.

ತಪ್ಪೆಲ್ಲ ತಮ್ಮ ಒಳ್ಳೆಯತನದ್ದು. 'ತೆರೆದ ಮನೆ' ಕಾರ್ಯಕ್ರಮಕ್ಕೆಂದು ಹೈಸ್ಕೂಲಿನ ಮಕ್ಕಳನ್ನು ಠಾಣೆಗೆ ಕರೆಸಿ, ಬೇಡಿ ತೋರಿಸಿ, ವಾಕಿಟಾಕಿಯಲ್ಲಿ ಮಾತಾಡಿಸಿ, ಬಿಸ್ಕಿಟು ಕೊಟ್ಟು, "ಏನ ತ್ರಾಸ ಇದ್ರೂ ಅಂಜಬ್ಯಾಡ್ರಿ, ನಮಗ ಹೇಳ್ರಿ" ಎಂದಿರಿ. ಇಂಥ ಮಾತಿಗೆ ದೊಡ್ಡವರಾದರೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಒಂಬತ್ತನೆಯ ತರಗತಿಯ ದುರ್ಗಾ ಎದ್ದು ನಿಂತು, "ಸರ್, ಮುಂಜಾನಿ ಎಂಟರ ಬಸ್ಸು ನಮ್ಮ ಕ್ರಾಸಿಗೆ ನಿಲ್ಲಂಗಿಲ್ರಿ" ಎಂದುಬಿಟ್ಟಳು.

ತಾವು ಮರುದಿನವೇ ಕಾನ್‌ಸ್ಟೇಬಲ್ ಅನ್ನಪೂರ್ಣಾ ಅವರನ್ನು ಕಳಿಸಿದಿರಿ. ಅವರು ಕೈಯನ್ನೂ ಎತ್ತಲಿಲ್ಲ, ಸುಮ್ಮನೆ ನಿಂತರು. ನಮ್ಮೂರಿಗೆ ಧೂಳು ಬಿಟ್ಟು ಬೇರೇನನ್ನೂ ಕೊಡದ ಬಸ್ಸು ಮದುಮಗನ ಕುದುರೆಯಂತೆ ಮೆಲ್ಲಗೆ ಬಂದು ನಿಂತಿತು. ಕಂಡಕ್ಟರು ಇಳಿದು, "ಸಾವಕಾಶ ಹತ್ತವಾ ತಂಗಿ" ಎಂದ. ಹದಿನೈದು ದಿನ ನಾಲ್ವರು ಹುಡುಗಿಯರು ಪ್ರಾರ್ಥನೆಗೆ ಮೊದಲೇ ಶಾಲೆ ಮುಟ್ಟಿದರು. ಹದಿನಾರನೆಯ ದಿನ ಮೇಡಂ ಬಂದೋಬಸ್ತಿಗೆಂದು ರಾಮದುರ್ಗಕ್ಕೆ ಹೋದರು. ಬಸ್ಸು ತನ್ನ ಹಳೆಯ ಚಾಳಿಗೆ ಮರಳಿತು. ಮೂವರು ಹುಡುಗಿಯರು ಮನೆಯಲ್ಲೇ ಉಳಿದರು. ದುರ್ಗಾ ಮಾತ್ರ ಐದು ಕಿಲೋಮೀಟರ್ ನಡೆದು ಎರಡನೆಯ ಪಿರಿಯಡ್ಡಿಗೆ ತಲುಪತೊಡಗಿದಳು. ಅವಳಪ್ಪ ಭರಮಪ್ಪ ನೋಡುವಷ್ಟು ನೋಡಿ, "ಒಬ್ಬಾಕೀನ ದಾರಿ ತುಳಿಯೂದು ಸಾಕು. ಸೋಮವಾರದಿಂದ ಸಾಲಿ ಬಂದ್" ಎಂದ.

ಆದ್ದರಿಂದ, ಸಾಹೇಬರೇ, ಅನ್ನಪೂರ್ಣಾ ಮೇಡಂ ಅವರನ್ನು ನಮ್ಮ ಕ್ರಾಸಿನ ಸ್ಥಿರಾಸ್ತಿಯೆಂದು ಊರಿನ ಪಹಣಿ-ಉತಾರದಲ್ಲಿ ಸೇರಿಸಿಕೊಡಬೇಕು. ಅದಾಗದಿದ್ದರೆ ಹುಡುಗಿಯರ ನೀಲಿ ಸಮವಸ್ತ್ರಕ್ಕೆ ಖಾಕಿ ಬಣ್ಣ ಕೊಡಿಸಬೇಕು. ಅದೂ ಕಷ್ಟವೆಂದರೆ, ನೀಲಿಯೂ ಒಂದು ಸಮವಸ್ತ್ರವೇ ಎಂಬುದನ್ನು ಆ ಚಾಲಕರನ್ನು ಠಾಣೆಗೆ ಕರೆಸಿ, ಬಿಸ್ಕಿಟು ಕೊಟ್ಟು, ತಿಳಿಹೇಳಬೇಕು.

ಗಿರಣಿಯಲ್ಲಿ ಕೃಷ್ಣವ್ವನ ಮಾತು ಕೇಳಿದವರು ಮಾತ್ರ ನಾನು ಈ ಅರ್ಜಿ ಬರೆದು ಮುಗಿಸುವತನಕವೂ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಕ್ರಾಸಿಗೆ ಹೋಗಿ, ಆಟೋ ಓಡಿಸುವ ಮಾಳಪ್ಪನನ್ನು ಅವನ ಖಾಕಿ ಅಂಗಿಯ ಸಮೇತ ಮುಂದೆ ನಿಲ್ಲಿಸಿದರು. ಬಸ್ಸು ಇಪ್ಪತ್ತು ಹೆಜ್ಜೆ ದೂರದಿಂದಲೇ ಬ್ರೇಕು ಹಾಕಿತು. ಹತ್ತಿರ ಬಂದು ಮುಖ ನೋಡಿದ ಚಾಲಕ ಸಿಟ್ಟಾದ: "ಏ, ಪೊಲೀಸರೆಲ್ಲಿ ಅದಾರೋ?"

"ಪೊಲೀಸರಿಲ್ಲ, ಸಾಲಿ ಹುಡುಗ್ಯಾರ ಅದಾರ" ಎಂದ ಮಾಳಪ್ಪ. "ಸಾಲಂಗಿಲ್ಲೇನು?"

ನಾಲ್ವರೂ ಹತ್ತಿದರು. ದೂರದಲ್ಲಿ ನಿಂತಿದ್ದ ಭರಮಪ್ಪ ಓಡಿಬಂದು, ಮಗಳು ಮರೆತ ಊಟದ ಡಬ್ಬಿಯನ್ನು ಕಿಟಕಿಯಲ್ಲಿ ಕೊಟ್ಟು, "ಸೋಮವಾರಾನೂ ಬಸ್ಸು ನಿಂತ್ರ ನೋಡೂಣು" ಎಂದ.

ತಮ್ಮ ವಿಶ್ವಾಸಿ,
ಪರಸಪ್ಪ
ಸದಸ್ಯ, ಹೈಸ್ಕೂಲು ಅಭಿವೃದ್ಧಿ ಸಮಿತಿ

ತಾ.ಕ.: ಪೊಲೀಸರಂತೆ ನಟಿಸಿದನೆಂದು ಮಾಳಪ್ಪನನ್ನು ವಿಚಾರಿಸುವುದಿದ್ದರೆ ದಯವಿಟ್ಟು ಸೋಮವಾರವೇ ಬನ್ನಿ. ಎಂಟಕ್ಕೆ ಐದು ನಿಮಿಷ ಮೊದಲು, ಪೂರ್ಣ ಸಮವಸ್ತ್ರದಲ್ಲಿ ಬಂದು, ರಸ್ತೆಯ ಅಂಚಿನಲ್ಲೇ ನಿಂತು ವಿಚಾರಿಸಿ.